ಕಾಲು ಚಾಚಲು ದಿಕ್ಕಿಲ್ಲದ ಡೀಲಕ್ಸ್ ರೂಮು

ದೇವರ ಹತ್ತಿರ ಇರುವವರಿಗೆ ಕಷ್ಟ ಬರುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಕಷ್ಟದ ಸಂಗತಿ ನಾನರಿಯೆ. ನಗು ಮಾತ್ರ ಬಂದೇ ಬರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಉಡುಪಿಯ ರಥಬೀದಿಯ ದಕ್ಷಿಣಕ್ಕೆ, ಕೃಷ್ಣಮಠದ ಗಂಟೆ ಕೇಳುವಷ್ಟು ಹತ್ತಿರದ ಒಂದು ಲಾಡ್ಜಿನಲ್ಲಿ ಮ್ಯಾನೇಜರನಾಗಿದ್ದೆ. ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ದಿನಕ್ಕೊಂದು ತಾನಾಗಿಯೇ ಮೆಟ್ಟಿಲು ಹತ್ತಿ ಬಂದು, ಟ್ರಂಕು ಕೆಳಗಿಟ್ಟು, "ರೂಮು ಉಂಟಾ?" ಎಂದು ಕೇಳುತ್ತಿತ್ತು.

ಧನಿಗಳು ಬೊಂಬಾಯಿಗೆ ಹೋಗಿ ಬಂದದ್ದು

ನಮ್ಮ ಧನಿಗಳು ಕಾರ್ಕಳದವರು. ಒಮ್ಮೆ ಬೊಂಬಾಯಿಗೆ ಹೋಗಿ ಅಲ್ಲಿಯ ಯಾವುದೋ ದೊಡ್ಡ ಜಾಗದಲ್ಲಿ ಎರಡು ರಾತ್ರಿ ಮಲಗಿ ಬಂದರು. ಬಂದ ಮೇಲೆ ನಮ್ಮ ಲಾಡ್ಜ್ ಅವರ ಕಣ್ಣಿಗೆ ಹಿಡಿಸಲಿಲ್ಲ.

"ಮ್ಯಾನೇಜರ್ರೇ, ಯಾತ್ರಿಕರಿಗೆ ಚಾಪೆ ಕೊಟ್ಟು ಕೊಟ್ಟು ನಮ್ಮ ಬುದ್ಧಿಯೂ ಚಾಪೆಯ ಹಾಗೆ ಸುತ್ತಿಕೊಂಡುಂಟು. ಮೂರನೇ ಮಹಡಿಯಲ್ಲಿ ಒಂದು ಡೀಲಕ್ಸ್ ರೂಮು ಮಾಡುವ."

ಮಾಡಿದೆವು. ನೆಲಕ್ಕೆ ಕೆಂಪು ಕಾರ್ಪೆಟ್, ನಾಲ್ಕು ಜನ ಹಿಡಿಯದೆ ಅಲುಗದ ಡಬಲ್ ಮಂಚ, ರೂಮಿನೊಳಗೇ ಬಚ್ಚಲು, ಅದರಲ್ಲೇ ಕುರ್ಚಿಯ ಹಾಗೆ ಕೂತುಕೊಳ್ಳುವ ಕಕ್ಕಸು. ಮಂಚದ ಪಕ್ಕ ಒಂದು ಗುಂಡಿ. ಒತ್ತಿದರೆ ಕಾಲಿಂಗ್ ಬೆಲ್. ಪೇಟೆಯಲ್ಲಿ ಸಣ್ಣ ಬೆಲ್ ಸಿಗಲಿಲ್ಲವೆಂದು ಎಲೆಕ್ಟ್ರಿಷಿಯನ್ ಶಾಲೆಗೆ ಹಾಕುವಂಥ ಗಂಟೆಯನ್ನೇ ತಂದು ಮೆಟ್ಟಿಲ ಬಳಿ ಕೂರಿಸಿದ. ಅದು ಹೊಡೆದರೆ ಇಡೀ ಲಾಡ್ಜ್ ಎದ್ದು ನಿಲ್ಲುತ್ತಿತ್ತು.

ಉಳಿದ ರೂಮುಗಳು ತುಂಬುತ್ತಿದ್ದವು. ಡೀಲಕ್ಸ್ ಮಾತ್ರ ಆರು ತಿಂಗಳಾದರೂ ಖಾಲಿ. ಧನಿಗಳಿಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು.

"ನೋಡಿ ಮ್ಯಾನೇಜರ್ರೇ, ಕೃಷ್ಣಾಷ್ಟಮಿಯೊಳಗೆ ಒಬ್ಬನಾದರೂ ಆ ರೂಮಿನಲ್ಲಿ ಒಂದು ರಾತ್ರಿ ಮಲಗಿ, ಅಭಿಪ್ರಾಯದ ಪುಸ್ತಕದಲ್ಲಿ ಒಳ್ಳೆಯದುಂಟು ಅಂತ ಬರೆಯಬೇಕು. ಇಲ್ಲದಿದ್ದರೆ ಈ ಕಟ್ಟಡ ಜವಳಿ ಅಂಗಡಿಯವರಿಗೆ. ನಾವು ಮಣಿಪಾಲದಲ್ಲಿ ಹೊಸ ಲಾಡ್ಜ್ ಹಾಕುವ. ಅಲ್ಲಿ ಡಾಕ್ಟ್ರುಗಳು, ಪ್ರೊಫೆಸರುಗಳು ಬರುತ್ತಾರೆ. ಅಲ್ಲಿಯೂ ನೀವೇ ಮ್ಯಾನೇಜರ್, ಹೆದರಬೇಡಿ."

ನಾನು ಹೆದರಿದ್ದೇ ಅದಕ್ಕೆ. ಮೇಜಿನ ಹಿಂದಿನ ಸಣ್ಣ ಕೋಣೆಯೇ ನನ್ನ ಮನೆ. ಬೆಳಿಗ್ಗೆ ಮಿಂದು, ಒದ್ದೆ ತಲೆಯಲ್ಲೇ ನಾಲ್ಕು ಹೆಜ್ಜೆ ನಡೆದು, ಒಂಬತ್ತು ತೂತಿನ ಬೆಳ್ಳಿಯ ಕಿಂಡಿಯಲ್ಲಿ ಬಾಲಕೃಷ್ಣನ ಮುಖ ನೋಡದೆ ನಾನು ಬಾಯಿಗೆ ಹನಿ ನೀರು ಹಾಕಿದವನಲ್ಲ. ಮಣಿಪಾಲವೇನು ಪರದೇಶವಲ್ಲ, ಗುಡ್ಡದ ಮೇಲೆ ಇಲ್ಲಿಯೇ ಉಂಟು. ಆದರೆ ಕೃಷ್ಣನಿಗೂ ನನಗೂ ನಡುವೆ ಒಂದು ಸಿಟಿ ಬಸ್ಸು ಬಂದು ನಿಲ್ಲುವುದು ನನಗೆ ಬೇಡವಾಗಿತ್ತು. ಅದರ ಕಂಡಕ್ಟರನ ಬಾಯಿಯೂ ಒಳ್ಳೆಯದಿರಲಿಲ್ಲ.

ಇನ್ನೂ ಒಳ್ಳೆಯ ಹೋಟೆಲ್

ದೇವರಿಗೆ ಮೊರೆಯಿಟ್ಟ ವಾರದಲ್ಲೇ ಒಬ್ಬರು ಬಂದರು. ಮಣಿಪಾಲದ ಕಾಲೇಜಿಗೆ ಪರೀಕ್ಷೆ ಮಾಡಲು ದಿಲ್ಲಿ ಕಡೆಯಿಂದ ಬಂದ ದೊಡ್ಡ ಪ್ರೊಫೆಸರು. ಹಳೆಯ ಊರಿನ ನಡುವೆ, ದೇವಸ್ಥಾನದ ಪಕ್ಕದಲ್ಲೇ ಇರಬೇಕೆಂದು ಅವರ ಆಸೆ. ಕೋಟು, ಟೈ, ಚರ್ಮದ ಪೆಟ್ಟಿಗೆ. ಡೀಲಕ್ಸಿಗೆಂದೇ ದೇವರು ಅಳತೆ ತೆಗೆದು ಹೊಲಿಸಿದ ಹಾಗಿದ್ದರು. ಆದರೆ ನನ್ನ ಮೇಜಿಗೆ ಬಂದವರು ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು, ಹಿಂದಿಯಲ್ಲಿ ದೈನ್ಯದಿಂದ ಕೇಳಿದರು: "ಇಲ್ಲಿ ನನಗೆ ಎಂತ ತಿನ್ನಿಸುತ್ತೀರಿ?"

ಹಿಂದೆ ನಿಂತಿದ್ದ ಪರ್ಕಳದ ರಿಕ್ಷಾದವನನ್ನು ನೋಡಿದೆ. "ಎಂತ ಮಾಡಿದಿ ಮಾರಾಯ ಅವರಿಗೆ?"

"ನಾನೆಂತ ಮಾಡಿದೆ ಸ್ವಾಮೀ? ಬಸ್‌ಸ್ಟ್ಯಾಂಡಿನಲ್ಲಿ ಒಳ್ಳೆಯ ಹೋಟೆಲ್ ಅಂದರು. ಗೋಳಿಬಜೆ ಒಳ್ಳೆಯದು ಸಿಗುವಲ್ಲಿಗೆ ಕರಕೊಂಡು ಹೋದೆ. ತಿಂದರು. ಇದಲ್ಲ, ಇನ್ನೂ ಒಳ್ಳೆಯ ಹೋಟೆಲ್ ಅಂದರು. ಮಸಾಲೆದೋಸೆಯ ಕಡೆಗೆ ಹೋದೆವು. ಅದನ್ನೂ ತಿಂದರು. ಇದೂ ಅಲ್ಲ, ಎಲ್ಲದಕ್ಕಿಂತ ಒಳ್ಳೆಯದು ಅಂದರು. ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸಿದೆ. ಅಷ್ಟು ತಿಂದ ಮೇಲೂ ಹೋಟೆಲ್ ಹೋಟೆಲ್ ಅನ್ನುತ್ತಾರೆ. ನನಗೇ ಹೆದರಿಕೆಯಾಗಿ ನಿಮ್ಮಲ್ಲಿಗೆ ತಂದೆ."

ಅವರ ಊರಿನಲ್ಲಿ ಹೋಟೆಲ್ ಅಂದರೆ ಮಲಗುವ ಜಾಗ, ನಮ್ಮಲ್ಲಿ ತಿನ್ನುವ ಜಾಗ. ಇದು ಇಬ್ಬರಿಗೂ ಗೊತ್ತಾಗುವ ಹೊತ್ತಿಗೆ ಮೂರು ಹೋಟೆಲ್ ಹೊಟ್ಟೆಯೊಳಗೆ ಹೋಗಿಯಾಗಿತ್ತು. ಬಡಿಸಿದ್ದನ್ನು ಬೇಡ ಅನ್ನಬಾರದೆಂದು ಅವರ ತಾಯಿ ಕಲಿಸಿದ್ದರಂತೆ.

"ಇಲ್ಲಿ ಮಲಗುವುದು ಮಾತ್ರ ಸ್ವಾಮೀ. ನಿಮಗೆಂದೇ ಡೀಲಕ್ಸ್ ರೂಮು ಉಂಟು, ಮೂರನೇ ಮಹಡಿಯಲ್ಲಿ," ಎಂದೆ.

ಅವರು ಮೆಟ್ಟಿಲನ್ನು ನೋಡಿದರು. ಹೊಟ್ಟೆಯನ್ನು ನೋಡಿದರು. ಮತ್ತೆ ನನ್ನ ಹಿಂದಿನ ಸಣ್ಣ ಕೋಣೆಯ ಕಡೆ ಬೆರಳು ತೋರಿಸಿ, "ಇದು ಖಾಲಿ ಉಂಟಾ?" ಎಂದರು.

ಹತ್ತು ನಿಮಿಷದ ಕೀಲಿಕೈ

ಆಮೇಲೆ ಬಂದವನು ಕಾಪುವಿನ ಒಬ್ಬ ಯುವಕ. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ತಾಯಿಯನ್ನು ಕೃಷ್ಣದರ್ಶನಕ್ಕೆ ಕರೆದುಕೊಂಡು ಬಂದು, ಒಂದು ರಾತ್ರಿ ರಾಣಿಯ ಹಾಗೆ ಇಡಬೇಕೆಂದು ಅವನ ಹಂಬಲ. ರೂಮು ನೋಡಿ ಅವನ ಮುಖ ಅರಳಿತು. "ಇದೇ ಬೇಕಾದದ್ದು!" ಎಂದ. ನಾನು ಮನಸ್ಸಿನಲ್ಲೇ ಕೃಷ್ಣನಿಗೆ ಕೈ ಮುಗಿದೆ.

ತಾಯಿ ಕಾರ್ಪೆಟಿನ ಅಂಚಿನಲ್ಲೇ ನಿಂತು ಒಳಗಿನ ಬಾಗಿಲಿನತ್ತ ನೋಡಿದರು.

"ಅದೆಂತ ಮಗಾ?"

"ಬಚ್ಚಲು ಅಮ್ಮ. ಕಕ್ಕಸೂ ಅಲ್ಲಿಯೇ. ನಿನಗೆ ಹೊರಗೆ ಹೋಗುವ ಕಷ್ಟವೇ ಇಲ್ಲ."

"ಮಲಗುವ ಕೋಣೆಯೊಳಗಾ? ನಮ್ಮ ಮನೆಯಲ್ಲಿ ಅದು ಬಾವಿಯಿಂದಲೂ ಆಚೆ, ತೆಂಗಿನಮರದಿಂದಲೂ ಆಚೆ ಉಂಟು. ನೀನು ಗಲ್ಫಿಗೆ ಹೋಗಿ ಹತ್ತಿರ ಮಾಡಿಕೊಂಡದ್ದು ಇದನ್ನಾ?"

ನಾನು ಮೆಲ್ಲಗೆ ಬಾಯಿ ಹಾಕಿದೆ. "ಬಾಗಿಲು ಹಾಕಿದರೆ ಏನೂ ಕಾಣುವುದಿಲ್ಲ ಅಮ್ಮ."

"ನನಗೆ ಅದು ಕಾಣುವುದಿಲ್ಲ. ಅದಕ್ಕೆ ನಾನು ಕಾಣುವುದಿಲ್ವಾ?"

ತಾಯಿ ಮಗ ಇಬ್ಬರೂ ಒಂದನೇ ಮಹಡಿಯ ಸಾದಾ ರೂಮಿನಲ್ಲಿ ಚಾಪೆ ಹಾಸಿ ಮಲಗಿದರು. ಬೆಳಿಗ್ಗೆ ನಾನು ದರ್ಶನ ಮುಗಿಸಿ ಬರುವಾಗ ಮಗ ಮೇಜಿನ ಬಳಿ ಕಾಲು ಬದಲಿಸುತ್ತ ನಿಂತಿದ್ದ. ಮೆಟ್ಟಿಲ ಕಡೆ ಒಮ್ಮೆ ನೋಡಿ, ನನ್ನ ಕಿವಿಯಲ್ಲಿ ಹೇಳಿದ: "ಮ್ಯಾನೇಜರ್ರೇ, ಅಮ್ಮ ಏಳುವ ಮೊದಲು ಡೀಲಕ್ಸಿನ ಕೀಲಿಕೈ ಕೊಡಿ. ಹತ್ತೇ ನಿಮಿಷ."

ಎಂಟು ದಿಕ್ಕು

ಅಷ್ಟಮಿಗೆ ಹದಿನೈದು ದಿನ ಉಳಿದಿತ್ತು. ಬೆಳ್ಮಣ್ ಕಡೆಯ ಒಬ್ಬ ನಿವೃತ್ತ ಹೆಡ್ಮಾಸ್ಟರು ಬಂದರು. ಮಂಚ ಒತ್ತಿ ನೋಡಿ, "ಆಗಬಹುದು," ಎಂದರು. ಕಕ್ಕಸಿನ ಬಗ್ಗೆ ಚಕಾರ ಎತ್ತಲಿಲ್ಲ. ಪುಸ್ತಕ, ಪೆನ್ನು ಎರಡನ್ನೂ ತಯಾರಾಗಿ ಹಿಡಿದುಕೊಂಡೇ ನಿಂತಿದ್ದೆ.

ಪೆಟ್ಟಿಗೆ ಇಟ್ಟವರು ಕಿಟಕಿಯಿಂದ ಹೊರಗೆ ನೋಡಿ ಬೆಚ್ಚಿದರು. "ಮ್ಯಾನೇಜರ್ರೇ, ನಾನು ಮಲಗಿದರೆ ನನ್ನ ಕಾಲು ಎತ್ತ?"

"ಈ ಕಡೆ."

"ಈ ಕಡೆ ಕೃಷ್ಣ!"

ಆರು ತಿಂಗಳು ಈ ಅಪಚಾರ ನನ್ನ ಕಣ್ಣಿಗೇ ಬೀಳಲಿಲ್ಲವಲ್ಲ! ಗುಡಿಸುವವನನ್ನು, ದೋಭಿಯನ್ನು, ರಿಕ್ಷಾದವನನ್ನು ಕರೆದು ನಾಲ್ಕು ಜನ ಮಂಚ ತಿರುಗಿಸಿದೆವು.

"ಈಗ ಅನಂತೇಶ್ವರ," ಎಂದರು ಹೆಡ್ಮಾಸ್ಟರು.

ಇನ್ನಷ್ಟು ತಿರುಗಿಸಿದೆವು. "ಚಂದ್ರಮೌಳೀಶ್ವರ." ಮತ್ತೂ ತಿರುಗಿಸಿದೆವು. "ಅಲ್ಲಿ ಮಠ. ಅದರ ಪಕ್ಕವೂ ಮಠ." ದಕ್ಷಿಣಕ್ಕೆ ಕಾಲು ಮಾಡುವ ಎಂದೆ. "ಆಗ ತಲೆ ಉತ್ತರಕ್ಕೆ! ನನ್ನನ್ನು ಕಳಿಸಿಕೊಡುವ ಅಂದಾಜಾ?" ರಿಕ್ಷಾದವನು ಬೆವರು ಒರೆಸಿಕೊಂಡು, "ಆ ಮೂಲೆಗೆ ಇಡುವ ಸ್ವಾಮೀ, ಅಲ್ಲಿ ಅಂಚೆ ಕಚೇರಿ ಮಾತ್ರ ಇರುವುದು," ಎಂದ.

"ಅದರ ಹಿಂದೆ?"

ರಿಕ್ಷಾದವನು ನನ್ನ ಮುಖ ನೋಡಿದ. ಕೊನೆಗೆ ಸುಳ್ಳು ಹೇಳಲಾಗದೆ ನಾನೇ ಹೇಳಿದೆ: "ನಾಗಬನ."

ಹೆಡ್ಮಾಸ್ಟರು ನಿಟ್ಟುಸಿರು ಬಿಟ್ಟು, ಜಗಲಿಯ ಆರಾಮಕುರ್ಚಿಯಲ್ಲಿ ಕಾಲು ಮಡಚಿ ಕೂತುಕೊಂಡೇ ರಾತ್ರಿ ಕಳೆದರು. ಬಹಳ ಸಜ್ಜನರು. ಹೊರಡುವಾಗ ನನ್ನ ಮುಖ ನೋಡಿ ಕನಿಕರವಾಗಿರಬೇಕು, ಪುಸ್ತಕ ಕೇಳಿ ತೆಗೆದುಕೊಂಡು, ದುಂಡಗಿನ ಅಕ್ಷರದಲ್ಲಿ ಬರೆದರು: "ಮಂಚ ಒಳ್ಳೆಯದುಂಟು. ನೋಡಿದೆ."

ಧನಿಗಳು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕರೆದದ್ದು ಯಾರನ್ನು

ಅಷ್ಟಮಿಯ ಹಿಂದಿನ ದಿನ ಬೆಳಿಗ್ಗೆಯೇ ಧನಿಗಳ ಕಾರು ಬಂತು. ಜೊತೆಗೆ ಅವರ ತಾಯಿ. ಎಂಬತ್ತರ ಹತ್ತಿರದ, ಮಡಿಯಲ್ಲಿ ಬಹಳ ಕಟ್ಟುನಿಟ್ಟಿನ ಹೆಂಗಸು. ಹಬ್ಬದ ಜನದಿಂದ ಸಾದಾ ರೂಮುಗಳೆಲ್ಲ ತುಂಬಿದ್ದವು. ಧನಿಗಳು ತಲೆ ಕೆರೆದುಕೊಂಡು, "ಅಮ್ಮನಿಗೆ ಡೀಲಕ್ಸೇ ಗತಿ. ನಾಳಿದ್ದು ಹೇಗೂ ಮುಚ್ಚುತ್ತೇವಲ್ಲ," ಎಂದರು.

ಮುದುಕಮ್ಮ ಮೆಟ್ಟಿಲಿಗೊಮ್ಮೆ ಕೃಷ್ಣ ಕೃಷ್ಣ ಅನ್ನುತ್ತ ಹತ್ತಿದರು. ನಾನು ಹಿಂದೆಯೇ ಅವರ ದೇವರ ಪೆಟ್ಟಿಗೆ ಹಿಡಿದುಕೊಂಡು ಹೋದೆ. ಕಕ್ಕಸಿನ ಬಾಗಿಲು ಬಂತು. ನಾನು ಕಣ್ಣು ಮುಚ್ಚಿಕೊಂಡೆ.

"ಬಚ್ಚಲು ಒಳಗೆಯೇ ಉಂಟಾ?" ಎಂದರು. "ಎಷ್ಟು ಒಳ್ಳೆಯದಾಯಿತು! ಮಿಂದು ಒದ್ದೆ ಸೀರೆಯಲ್ಲಿ ಹೊರಗೆ ಬಂದರೆ ಜಗಲಿಯಲ್ಲಿ ಹತ್ತು ಜನ ಮುಟ್ಟುತ್ತಾರೆ. ಇಲ್ಲಿ ಮಿಂದವಳು ನೇರ ದೇವರ ಮುಂದೆ. ಮಡಿಯವರಿಗೆಂದೇ ಕಟ್ಟಿಸಿದ್ದಾನೆ ನನ್ನ ಮಗ."

ಒಂದು ಗಂಡಾಂತರ ಕಳೆಯಿತು. ಇನ್ನೊಂದನ್ನು ಮುಚ್ಚಿಡಲು ನನ್ನ ಮನಸ್ಸು ಒಪ್ಪಲಿಲ್ಲ. "ಅಮ್ಮ, ಈ ಮಂಚದಲ್ಲಿ ಮಲಗಿದರೆ ಕಾಲು ಕೃಷ್ಣನ ಕಡೆಗೆ ಆಗುತ್ತದೆ. ಬೇರೆ ಕಡೆ ತಿರುಗಿಸಿದರೂ ಯಾವುದಾದರೊಂದು ದೇವರು ಸಿಗುತ್ತಾರೆ."

ಅವರು ಕಿಟಕಿಯಿಂದ ಮಠದ ಕಡೆ ನೋಡಿ, ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ಅವನು ಮಗು ಅಲ್ವಾ ಮ್ಯಾನೇಜರ್ರೇ? ಅಜ್ಜಿಯಂದಿರು ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವುದು ಎಲ್ಲಿ ಹಾಕಿಕೊಂಡು? ಚಾಚಿದ ಕಾಲ ಮೇಲೆಯೇ ಅಲ್ವಾ? ನಾನು ಕಾಲು ಚಾಚಿರುತ್ತೇನೆ. ಬೇಕಾದರೆ ಅವನೇ ಬಂದು ಮಲಗಲಿ."

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಕಿಂಡಿಯಲ್ಲಿ ಇಣುಕಿದವನಿಗೆ ಹೊಳೆಯದ ಮಾತು ಅದು.

ಮಾರನೆಯ ದಿನ, ಅಷ್ಟಮಿಯ ಬೆಳಿಗ್ಗೆ, ಧನಿಗಳು ಕೆಳಗೆ ಕುಳಿತು ಮಣಿಪಾಲಕ್ಕೆ ಸಾಗಿಸಬೇಕಾದ ಸಾಮಾನಿನ ಪಟ್ಟಿ ಬರೆಸುತ್ತಿದ್ದರು. ಮಂಚ, ಕಾರ್ಪೆಟ್ ಎಂದು ನಾನು ಬರೆಯುತ್ತಿರುವಾಗ ಮೆಟ್ಟಿಲ ಬಳಿಯ ಗಂಟೆ ಕಿವಿ ಕಿತ್ತುಹೋಗುವಂತೆ ಹೊಡೆಯತೊಡಗಿತು. ನಿಲ್ಲಲೇ ಇಲ್ಲ. ಮುದುಕಮ್ಮ ಬಿದ್ದರೋ ಏನೋ ಎಂದು ನಾನು ಮುಂದೆ, ಧನಿಗಳು ಹಿಂದೆ, ಮೂರು ಮಹಡಿ ಓಡಿದೆವು. ಗಂಟೆಯ ಸದ್ದಿಗೆ ಎಲ್ಲ ರೂಮುಗಳ ಬಾಗಿಲು ತೆರೆದವು. ಹಬ್ಬಕ್ಕೆ ಬಂದ ಜನ ಟವೆಲು ಹೊದ್ದುಕೊಂಡೇ ನಮ್ಮ ಹಿಂದೆ ಹತ್ತಿದರು.

ಬಾಗಿಲು ತಳ್ಳಿ ನೋಡಿದರೆ, ಅಮ್ಮ ಪುಟ್ಟ ಕೃಷ್ಣನ ಮೂರ್ತಿಯ ಮುಂದೆ ಬಲಗೈಯಲ್ಲಿ ಆರತಿ ಎತ್ತುತ್ತಿದ್ದಾರೆ. ಎಡಗೈಯ ಹೆಬ್ಬೆರಳು ಬೆಲ್ಲಿನ ಗುಂಡಿಯ ಮೇಲೆ. ಪೂಜೆಯ ಗಂಟೆಯನ್ನು ಕಾರ್ಕಳದಲ್ಲೇ ಮರೆತು ಬಂದಿದ್ದರು. ಗೋಡೆಯಲ್ಲಿ ಗಂಟೆಯ ಗುಂಡಿ ಕಂಡು ಸಮಾಧಾನಪಟ್ಟಿದ್ದರು.

ಬಂದವರೆಲ್ಲ ಕೈ ಮುಗಿದು ಸಾಲಾಗಿ ನಿಂತರು. ಸಾಲು ಎರಡನೇ ಮಹಡಿಯವರೆಗೆ ಇಳಿಯಿತು. ಧನಿಗಳು ಅದನ್ನು ನೋಡಿದರು, ನನ್ನನ್ನು ನೋಡಿದರು. "ಮ್ಯಾನೇಜರ್ರೇ," ಎಂದರು, "ನನ್ನ ಡೀಲಕ್ಸಿಗೆ ಕ್ಯೂ!"

"ಅಮ್ಮ, ನಾಳೆ ಹೊರಡುವುದಲ್ವಾ?" ಎಂದು ಅವರು ಕೇಳಿದ್ದಕ್ಕೆ, "ನೀನು ಹೊರಡು. ನಾನು ಇಲ್ಲಿಯೇ ಇರುತ್ತೇನೆ," ಎಂದರು ಅಮ್ಮ. ಪುಸ್ತಕದಲ್ಲಿ ಬರೆದೂ ಕೊಟ್ಟರು: "ಒಳ್ಳೆಯದುಂಟು. ಮುಚ್ಚಬಾರದು." ತಾಯಿ ಬರೆದದ್ದನ್ನು ಮೀರುವ ಮಗನಲ್ಲ. ಸಾಮಾನಿನ ಪಟ್ಟಿಯನ್ನು ನಾನು ಅಂದೇ ಒಲೆಗೆ ಹಾಕಿದೆ. ನನ್ನ ಕಿಂಡಿ ನನಗೆ ಉಳಿಯಿತು.

ಆ ಬೆಳಿಗ್ಗೆಯೇ, ಆರತಿ ತೆಗೆದುಕೊಳ್ಳಲು ಬಗ್ಗಿದಾಗ ಇನ್ನೂ ಏದುಸಿರು ಬಿಡುತ್ತಿದ್ದ ನನ್ನನ್ನು ಅಮ್ಮ ಮೇಲಿನಿಂದ ಕೆಳಗೆ ನೋಡಿದರು.

"ನಾನು ಗಂಟೆ ಹೊಡೆದು ಕರೆದದ್ದು ಕೃಷ್ಣನನ್ನು. ಬಂದದ್ದು ನೀವು," ಎಂದರು. "ಇರಲಿ, ಅವನೇ ಕಳಿಸಿರಬೇಕು. ಒಂದು ತಂಬಿಗೆ ಬಿಸಿನೀರು ತನ್ನಿ."