ಅರೆಹೊಟ್ಟೆಯ ಬ್ಯಾಟರಿಗಳು

ಯಲಹಂಕದ ನಮ್ಮ ರಸ್ತೆಯಲ್ಲಿ ಯಾರ ಮನೆಯ ಯುಪಿಎಸ್ ಕೂಗಿಕೊಂಡರೂ ಕರೆ ಬರುತ್ತಿದ್ದದ್ದು ನನಗೆ. ಹೋಗಿ ಬ್ಯಾಟರಿ ಮುಚ್ಚಳ ತೆಗೆದು, ನೀರು ಸುರಿದು, ಕಾಫಿ ಕುಡಿದು ಬರುತ್ತಿದ್ದೆ. ಹೀಗಿರುವಾಗ ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಎರಡು ಮಂಚ, ಒಂದು ಒಲೆ, ಮೊಣಕಾಲೆತ್ತರದ ಫ್ರಿಜ್ ಕೂರಿಸಿ ಸಂಚಾರಿ ಮನೆ ಮಾಡಿಕೊಂಡೆವು. ಫ್ರಿಜ್ಜಿಗೆಂದೇ ಹಿಂದೆ ಇಟ್ಟ ಎರಡು ದೊಡ್ಡ ಬ್ಯಾಟರಿಗಳ ಸಕಲ ಜವಾಬ್ದಾರಿಯನ್ನೂ ನಾನು ವಹಿಸಿಕೊಂಡೆ. ಬೇರೆ ಯಾರೂ ಕೇಳಿರಲಿಲ್ಲ ಅನ್ನುವುದೂ ನಿಜ.

ಬಸ್ಸು ಕೊಂಡದ್ದೇ ನಮ್ಮತ್ತೆಗಾಗಿ. ಎಪ್ಪತ್ತಾರು ವರ್ಷವಾದರೂ ಅವರು ಸಮುದ್ರ ನೋಡಿರಲಿಲ್ಲ. "ಕಣ್ಣು ಮಂಜಾಗ್ತಿದೆ ಅಳಿಯಂದ್ರೇ, ಪೂರ್ತಿ ಹೋಗೋಕ್ ಮುಂಚೆ ಒಂದ್ಸಲ ತೋರಿಸ್ಬಿಡಿ" ಅಂದಿದ್ದರು. ಅವರಿಗೆ ದಿನಕ್ಕೆರಡು ಹೊತ್ತು ಇನ್ಸುಲಿನ್ ಬೇಕು. ಇನ್ಸುಲಿನ್ ಕೆಡಬಾರದು ಅಂದರೆ ಫ್ರಿಜ್ ಓಡಬೇಕು.

ಆರು ತಿಂಗಳು ಬ್ಯಾಟರಿಗಳನ್ನು ಮಕ್ಕಳಂತೆ ಸಾಕಿದೆ. ವಾರಕ್ಕೊಮ್ಮೆ ಚಾರ್ಜಿಗೆ ಹಾಕಿ, ಎರಡು ಗಂಟೆಯಾದ ಕೂಡಲೇ ತೆಗೆಯುತ್ತಿದ್ದೆ. ನಮ್ಮ ವಂಶದಲ್ಲಿ ಯಾವ ಸ್ವಿಚ್ಚೂ ಅಗತ್ಯಕ್ಕಿಂತ ಹೆಚ್ಚು ಹೊತ್ತು ಆನ್ ಇದ್ದ ದಾಖಲೆಯಿಲ್ಲ.

"ರೀ, ಚಾರ್ಜರಲ್ಲಿ ಹಸಿರು ದೀಪ ಇನ್ನೂ ಬಂದಿಲ್ಲ" ಅನ್ನುತ್ತಿದ್ದಳು ಹೆಂಡತಿ ಸುಮಾ.

"ಮೂರರಲ್ಲಿ ಎರಡು ದೀಪ ಹತ್ತಿದೆಯಲ್ಲ, ಫಸ್ಟ್ ಕ್ಲಾಸು ಕಣೇ" ಅನ್ನುತ್ತಿದ್ದೆ.

ನೀರಿನ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಲಿಲ್ಲ. ಡಿಸ್ಟಿಲ್ಡ್ ವಾಟರ್ ಯಾಕೆ, ಮನುಷ್ಯರೇ ಕುಡಿಯುವ ಫಿಲ್ಟರ್ ನೀರಿರುವಾಗ? ಚಾರ್ಜಿಗೆ ಹಾಕುವ ಮೊದಲೇ ಕಂಠಮಟ್ಟ ತುಂಬಿಸುತ್ತಿದ್ದೆ. ಚಾರ್ಜ್ ಆಗುವಾಗ ಉಕ್ಕಿ ಚೆಲ್ಲುತ್ತಿತ್ತು. ಚೆಲ್ಲಿದಷ್ಟನ್ನೂ ಮತ್ತೆ ತುಂಬಿಸುತ್ತಿದ್ದೆ. ಅತಿಥಿ ಸತ್ಕಾರದಲ್ಲಿ ನಮ್ಮ ಮನೆ ಯಾವತ್ತೂ ಹಿಂದೆ ಬಿದ್ದಿಲ್ಲ.

ಕಡೆಗೂ ಒಂದು ಬೆಳಿಗ್ಗೆ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪಶ್ಚಿಮ ಸಮುದ್ರದ ಕಡೆ ಹೊರಟೆವು. ದೊಡ್ಡಬಳ್ಳಾಪುರ ರಸ್ತೆ ಹಿಡಿದು ರಾಜಾನುಕುಂಟೆ ತಲುಪಿದಾಗ ಅತ್ತೆ ಮಜ್ಜಿಗೆ ಕೇಳಿದರು. ಸುಮಾ ಫ್ರಿಜ್ ತೆಗೆದಳು. ಒಳಗೆ ಕತ್ತಲೆ. ಮಜ್ಜಿಗೆ ಬೆಚ್ಚಗಿತ್ತು! ಊರು ಬಿಟ್ಟು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

ಸುಮಾ ಇನ್ಸುಲಿನ್ ಡಬ್ಬಿ ಎತ್ತಿಕೊಂಡು ಪಕ್ಕದ ಜ್ಯೂಸ್ ಅಂಗಡಿಗೆ ಓಡಿ, ಅವರ ಫ್ರಿಜ್ಜಿನಲ್ಲಿ ಇಡಿಸಿದಳು. ಬೈದಿದ್ದರೇ ವಾಸಿಯಿತ್ತು.

ಎದುರಿಗೇ ಒಂದು ಬ್ಯಾಟರಿ ಅಂಗಡಿಯಿತ್ತು. ಒಡತಿ ಮುನಿಯಮ್ಮ, ಐವತ್ತರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದರು. ಬ್ಯಾಟರಿಗಳ ಬಗ್ಗೆ ನಾಲ್ಕು ಮಾತು ಹೇಳಿ ಅವರಿಗೆ ದಾರಿ ತೋರಿಸೋಣ ಅಂತ ಬಾಯಿ ತೆರೆದೆ. ಅವರು ಕೈಯೆತ್ತಿ ಸುಮ್ಮನಿರಿಸಿದರು. ರಬ್ಬರ್ ತಲೆಯ ಗಾಜಿನ ಕೊಳವೆಯೊಂದನ್ನು ಅದ್ದಿ, ಒಂದೊಂದೇ ಕೋಣೆಯ ಆಸಿಡ್ ಹೀರಿ ಬೆಳಕಿಗೆ ಹಿಡಿದರು. ಚಾರ್ಜ್ ತುಂಬಿದ್ದರೆ ಕೊಳವೆಯೊಳಗಿದ್ದ ಪುಟ್ಟ ಗುಂಡು ತೇಲಬೇಕಿತ್ತಂತೆ. ಎರಡೂ ಬ್ಯಾಟರಿಯ ಹನ್ನೆರಡು ಕೋಣೆಯಲ್ಲೂ ತಳ ಸೇರಿ ಕೂತಿತು.

"ಕುಡಿಯೋ ನೀರ್ ಆಕಿದ್ದೀರ. ಚಾರ್ಜ್‌ಗೆ ಮುಂಚೇನೇ ತುಂಬ್ಸಿ ಆಸಿಡ್ಡೆಲ್ಲ ಆಚೆ ಚೆಲ್ಸಿದ್ದೀರ. ಒಂದ್ ದಿನಾನೂ ಫುಲ್ ಚಾರ್ಜ್ ಮಾಡಿಲ್ಲ."

ನಾನು ತುಟಿ ಬಿಚ್ಚಿರಲಿಲ್ಲ. ಆರು ತಿಂಗಳ ನನ್ನ ಬಾಳನ್ನು ಈಕೆ ಗಾಜಿನ ಕೊಳವೆಯಲ್ಲಿ ಓದಿಬಿಟ್ಟಿದ್ದರು. ನಾಚಿಕೆಗಿಂತ ಹೆಚ್ಚಾಗಿ ಬೆರಗಾಯಿತು.

"ಎರಡು ಗಂಟೆ ಚಾರ್ಜ್ ಮಾಡ್ತಿದ್ನಲ್ಲಮ್ಮಾ?"

"ಮೊದ್ಲು ಅಸಿದಿರ್ತದೆ, ಗಬಗಬ ತಿಂತದೆ. ಕೊನೇ ನಾಕ್ ತುತ್ತಿಗೇ ಬೋ ವೊತ್ತು ಬೇಕು ಸಾಮಿ. ನೀವು ಅಷ್ಟ್ರಲ್ಲೇ ಎಲೆ ಎತ್ತುಬುಟ್ರೆ? ಉಳಿದ ಅಸಿವೆಲ್ಲ ಒಳಗೇ ಗಟ್ಟಿಯಾಗಿ ಕೂತದೆ."

ಅತ್ತೆ ನನ್ನ ಮುಖ ನೋಡಿದರು. ಅಳಿಯನಾಗಿ ಇಪ್ಪತ್ತೆರಡು ವರ್ಷ ಅವರ ಮನೆಯಲ್ಲಿ ಹೊಟ್ಟೆ ತುಂಬ ಉಂಡವನು ನಾನು.

ಸಣ್ಣ ಕರೆಂಟಿನಲ್ಲಿ ನಿಧಾನವಾಗಿ ಚಾರ್ಜ್ ಮಾಡಿದರೆ ಎರಡೂ ಬದುಕಬಹುದು, ಎರಡು ದಿನ ಬೇಕು, ಯಾರಾದರೂ ಒಬ್ಬರು ಕೂತು ಗಂಟೆಗೊಮ್ಮೆ ನೋಡಬೇಕು ಅಂದರು ಮುನಿಯಮ್ಮ. ಅತ್ತೆ, ಸುಮಾ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

ಮಾರನೆಯ ಬೆಳಿಗ್ಗೆ ಸುಮಾ ಫ್ಲಾಸ್ಕಿನಲ್ಲಿ ಐಸ್ ತುಂಬಿ, ಬಟ್ಟೆ ಸುತ್ತಿದ ಇನ್ಸುಲಿನ್ ಇಟ್ಟುಕೊಂಡು, ಅಮ್ಮನ ಕೈ ಹಿಡಿದು ಯಶವಂತಪುರದಲ್ಲಿ ಸಮುದ್ರದ ಕಡೆಯ ರೈಲು ಹತ್ತಿದಳು. ನಾನು ರಾಜಾನುಕುಂಟೆಗೆ ವಾಪಸ್ ಬಂದು ಮುನಿಯಮ್ಮನ ಸ್ಟೂಲಿನ ಮೇಲೆ ಕೂತೆ. ಅವರು ಕೊಳವೆ ಕೈಗೆ ಕೊಟ್ಟು, ಹಿಡಿಯುವುದು ಹೇಗೆಂದು ತೋರಿಸಿದರು. ಗುಂಡು ಕೂದಲೆಳೆಯಷ್ಟು ಮೇಲೆದ್ದಾಗ ನನಗೆ ಮೈ ಜುಮ್ಮೆಂದಿತು.

ಸಂಜೆ ವಿಡಿಯೋ ಕಾಲ್ ಬಂತು. ಅತ್ತೆ ಸೀರೆ ಎತ್ತಿ ಹಿಡಿದು, ಕಾಲು ಮುಳುಗುವಷ್ಟು ನೀರಲ್ಲಿ ನಿಂತಿದ್ದರು. ಮೆಲ್ಲಗೆ, "ಎಷ್ಟೊಂದ್ ನೀರಿದೆ ಅಳಿಯಂದ್ರೇ" ಅಂದರು.

"ಅಲ್ಲಿ ನೀವೇನ್ ನೋಡ್ತಿದೀರ?" ಎಂದು ಕೇಳಿದರು.

ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಫೋನಿನ ಮುಂದೆ ಹಿಡಿದೆ. ಅದರಲ್ಲಿ ಎರಡು ಚಮಚ ಆಸಿಡ್ ನೀರಿತ್ತು.