ಸತ್ತವರ ತೆರಿಗೆಯೂ ಹರಿಹರದ ಅತ್ತೆಯೂ

ಸತ್ತವರ ಆಸ್ತಿಗೂ ಇನ್ನು ಮುಂದೆ ತೆರಿಗೆಯಂತೆ ಎಂದು ಫೋನಿನಲ್ಲಿ ಯಾರೋ ಕಳಿಸಿದ್ದನ್ನು ಓದಿದಾಗಿನಿಂದ ನನಗೆ ಅನ್ನ ಇಳಿಯಲಿಲ್ಲ. ಸಾಯುವ ಭಯವಲ್ಲ, ಹರಿಹರದಲ್ಲಿರುವ ನನ್ನ ಸೋದರತ್ತೆ ಬಸವಣ್ಣೆಮ್ಮನವರ ಮನೆಯ ಭಯ. ಅತ್ತೆಗೆ ಮಕ್ಕಳಿಲ್ಲ. ಆ ಮನೆ ನನಗೇ ಎಂದು ನಾನು (ಅತ್ತೆಯನ್ನು ಕೇಳದೆ) ಎಂದೋ ತೀರ್ಮಾನಿಸಿಬಿಟ್ಟಿದ್ದೆ. ಅವರು ಬದುಕಿರುವಾಗಲೇ ದಾನಪತ್ರ ಮಾಡಿಸಿಕೊಂಡರೆ ಆ ತೆರಿಗೆಯ ಕಾಟವಿಲ್ಲ ಎಂಬ ದಿವ್ಯಜ್ಞಾನ ನನಗೆ ಸ್ನಾನ ಮಾಡುವಾಗ ಉದಯಿಸಿತು.

"ಅದು ಹಿಂದೆ ಇತ್ತಂತೆ ಕಣ್ರೀ. ಬರೋದಕ್ಕಿಂತ ವಸೂಲಿ ತಾಪತ್ರಯಾನೇ ಜಾಸ್ತಿ ಆತು ಅಂತ ಎಂಬತ್ತೈದ್ರಾಗೇ ತೆಗೆದ್ರು. ಈಗೆಲ್ಲೈತೆ?" ಎಂದಳು ಹೆಂಡತಿ ವಾಣಿಶ್ರೀ.

"ತೆಗೆದೋರು ತಿರುಗಿ ಹಾಕ್ತಾರೆ. ನೀ ಸುಮ್ನಿರು, ಹೊರಡು!"

ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯಿಂದ ಹೊರಟಾಗ ಇದ್ದ ಧೈರ್ಯ ಹರಿಹರ ಬರುವಷ್ಟರಲ್ಲಿ ಇಳಿದುಹೋಗಿತ್ತು. ಅತ್ತೆಯ ಮುಂದೆ ಅವರ ಸಾವಿನ ಮಾತೆತ್ತುವಂತಿಲ್ಲ. "ನಿಮ್ಮ ನಂತರ ಮನೆ ಯಾರಿಗೆ?" ಎಂದು ಕೇಳಿದ ಸ್ವಂತ ಮೈದುನನನ್ನು ಅವರು ಊಟದ ಮಧ್ಯದಲ್ಲೇ ಎಬ್ಬಿಸಿ ಕಳಿಸಿದ್ದರು. ಆ ಮಹಾನುಭಾವ ಇಂದಿಗೂ ಆ ಬೀದಿಗೆ ಕಾಲಿಟ್ಟಿಲ್ಲ. ಒಂದು ಮಾತು ತಪ್ಪಿದರೆ ನನಗೂ ಅದೇ ಗತಿ.

ಅತ್ತೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ನಾನು ಬಜ್ಜಿಯ ತಟ್ಟೆಯನ್ನೇ ಮುಂದಕ್ಕೆಳೆದುಕೊಂಡೆ.

"ಅತ್ತೆ, ಇದು ಆಸ್ತಿ ಅನ್ಕೋರಿ. ಇದರ ಯಜಮಾನ್ರು..."

ಅತ್ತೆಯ ಹುಬ್ಬು ಮೇಲೇರಿತು.

"...ನಾನೇ! ನಾನೇ ಯಜಮಾನ! ನಾನು ಸತ್ತೆ ಅಂತ ಇಟ್ಕೋರಿ."

"ಬಿಡ್ತು ಅನ್ನು," ಎಂದು ಅತ್ತೆ ನೆಮ್ಮದಿಯಿಂದ ಬಜ್ಜಿ ಕಚ್ಚಿದರು. "ಆಮ್ಯಾಲೆ?"

"ತಟ್ಟೆ ವಾಣಿ ಕೈಗೆ ಬರೋಕೆ ಮುಂಚೆ ಸರ್ಕಾರ ಬೆಲೆ ಕಟ್ಟಿ ತನ್ನ ಪಾಲು ತಗಂತೈತೆ."

"ಬೆಲೆ ಕಟ್ಟೋರು ಯಾರು?"

"ಆಫೀಸರು."

"ಅವ್ರಿಗೊಂದು," ಎಂದು ಅತ್ತೆ ಒಂದು ಬಜ್ಜಿ ಎತ್ತಿಟ್ಟರು. "ಬೆಲೆ ಜಾಸ್ತಿ ಆತು ಅಂತ ವಾಣಿ ತಕರಾರು ತೆಗೆದ್ರೆ?"

"ವಕೀಲರು, ಕೋರ್ಟು..."

"ಅವ್ರಿಗೆರಡು. ಸರ್ಕಾರಕ್ಕೆ ಏನು ಉಳೀತೋ, ಬರೀ ತೊಟ್ಟು!"

"ದೊಡ್ಡ ಕುಳಗಳ ಹತ್ರ ತಗಂಡ್ರೆ ಬೇಕಾದಷ್ಟು ಉಳೀತೈತೆ ಅತ್ತೆ," ಎಂದಳು ವಾಣಿ. "ಕಡ್ಡಿ ಆ ಕಡೆಯಿಂದ ಈ ಕಡೆ ಇಡದೋರಿಗೆ ಪುಕ್ಕಟೆ ಮನೆ ಸಿಗೋದಾದ್ರೆ, ಒಂದು ಪಾಲು ಊರಿಗೆ ಹೋಗ್ಲಿ ಬಿಡ್ರಿ."

ಹೇಳುವಾಗ ಅವಳು ನನ್ನನ್ನೇ ಏಕೆ ನೋಡಿದಳೋ ತಿಳಿಯದು.

"ಬದುಕಿದ್ದಾಗ್ಲೇ ಬರೆದುಕೊಟ್ರೆ?" ಎಂದರು ಅತ್ತೆ.

"ಈ ತೆರಿಗೆ ಇಲ್ವೇ ಇಲ್ಲ!" ಎಂದೆ.

"ಹಂಗಾದ್ರೆ ನಾಳೇನೇ ಬರೆದುಕೊಡ್ತೀನಿ."

ಗೆದ್ದೆ ಎಂದುಕೊಂಡು ಕಾಲಿಗೆ ಬೀಳಲು ಬಗ್ಗಿದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ನಿಟ್ಟುಸಿರುಬಿಟ್ಟರು.

"ನಂಗಿನ್ನೂ ಒಂದು ಹಲ್ಲು ಬಿದ್ದಿಲ್ಲ. ನಿಂಗೆ ಸಕ್ಕರೆ, ಬಿಪಿ. ಸತ್ತೆ ಅಂತ ನೀನೇ ಬಾಯಿಬಿಟ್ಟು ಅಂದಿ. ನಿನ್ ಹೆಸರಿಗೆ ಮಾಡಿದ್ರೆ ನೀ ಹೋದ ಮ್ಯಾಲೆ ವಾಣಿ ತೆರಿಗೆ ಕಟ್ಬೇಕು, ಪಾಪ. ಮನೆ ಸೀದಾ ಅವಳಿಗೇ ಆಗ್ಲಿ. ನೀನೂ ದಾವಣಗೆರೆ ಮನೆ ಅವಳ ಹೆಸರಿಗೆ ಬರೆದುಬಿಡು. ಅದಕ್ಯಾಕೆ ತೆರಿಗೆ?"

"ಆ ತೆರಿಗೆ ಇನ್ನೂ ಬಂದೇ ಇಲ್ಲ ಅತ್ತೆ!" ಎಂದು ನಾನು ಅರಚಿದೆ.

"ತೆಗೆದೋರು ತಿರುಗಿ ಹಾಕ್ತಾರೆ. ನೀವು ಸುಮ್ನಿರ್ರಿ," ಎಂದಳು ವಾಣಿಶ್ರೀ.

ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಬಜ್ಜಿಗೆ ಕೈ ಹಾಕಿದೆ. ಅತ್ತೆ ನನ್ನ ಕೈಗೆ ಒಂದೇಟು ಕೊಟ್ಟು ತಟ್ಟೆಯನ್ನು ವಾಣಿಯ ಕಡೆ ಸರಿಸಿದರು.

"ನೀ ಸತ್ತಿದೀಯಲ್ಲೋ!"