ನೀಲಿ ಬರುವ ದಿನ

ಬೇರೆಯವರ ಮನೆಯಲ್ಲಿ ಗೋಡೆ ಒದ್ದೆಯಾದರೆ ಗೌಂಡಿಯನ್ನು ಕರೆಯುತ್ತಾರೆ. ವಿಜ್ಞಾನದ ಮಾಸ್ತರನ ಮನೆಯಲ್ಲಿ ಪ್ರಯೋಗ ಶುರುವಾಗುತ್ತದೆ. ಬಾದಾಮಿಯ ಹೈಸ್ಕೂಲಿನಲ್ಲಿ ನಾನು ಅಂಥ ಮಾಸ್ತರ. ನಮ್ಮದು ಕೆಂಪು ಮರಳುಗಲ್ಲಿನ ಹಳೆಯ ಮನೆ. ಪಕ್ಕದ ಶಿವಕ್ಕನಿಗೂ ನಮಗೂ ಒಂದೇ ಗೋಡೆ. ಅಡುಗೆಮನೆಯಲ್ಲಿ ಜೋಳದ ಚೀಲದ ಹಿಂದೆ ಆ ಗೋಡೆ ಒದ್ದೆಯಾಗತೊಡಗಿದಾಗ ನಾನು ತಡಮಾಡದೆ ತೀರ್ಪು ಕೊಟ್ಟೆ: ಆಚೆ ಬದಿ ಶಿವಕ್ಕ ಬಟ್ಟೆ ಒಗೆಯುತ್ತಾರಲ್ಲ, ಆ ನೀರೇ ಇದು. ನಮ್ಮ ಬಚ್ಚಲೂ ಅದೇ ಗೋಡೆಗೆ ಹತ್ತಿಕೊಂಡಿದೆ ಎಂಬುದು ನೆನಪಿರಲಿಲ್ಲವೇ? ಇತ್ತು. ಹೇಳಲಿಲ್ಲ, ಅಷ್ಟೆ.

ಅದು ಕಿವಿಗೆ ಬಿದ್ದು ಶಿವಕ್ಕ ಮಾತು ಬಿಟ್ಟರು. ದಿನಾ ಕಾಂಪೌಂಡಿನ ಮೇಲಿಂದ ಬರುತ್ತಿದ್ದ ಬಿಸಿ ರೊಟ್ಟಿ, ಶೇಂಗಾ ಚಟ್ನಿಯೂ ನಿಂತವು. ಇಳಕಲ್ಲಿನಿಂದ ಬಂದ ನನ್ನ ಹೆಂಡತಿ ಗೌರಿಗೆ ಈ ಊರಲ್ಲಿ ಇದ್ದ ಗೆಳತಿ ಅವರೊಬ್ಬರೇ. "ನಿಮ್ಮ ಬಾದಾಮಿ ಕಲ್ಲು ನೀರು ಕಂಡ್ರ ಬಿಡೂದಿಲ್ಲ, ಕುಡೀತೈತಿ. ನಮ್ಮ ಇಳಕಲ್ಲ ಕಲ್ಲು ಒಂದ ಹನಿ ಮುಟ್ಟಂಗಿಲ್ಲ. ಅದಿರ್ಲಿ, ಮೊದ್ಲ ಶಿವಕ್ಕ ನನ್ನ ಜೋಡಿ ಮಾತಾಡೂಹಂಗ ಮಾಡ್ರಿ," ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಕುಡಿಯುತ್ತದೆ! ಎಂಥ ಮಾತು! ಮರಳಿನ ಕಾಳುಗಳ ನಡುವೆ ಕಣ್ಣಿಗೆ ಕಾಣದ ಸಂದುಗಳು. ಆ ಸಂದುಗಳಲ್ಲಿ ನೀರು ಮೇಲಕ್ಕೂ ಹತ್ತುತ್ತದೆ! ಒಂದು ಕಲ್ಲಿನ ತುಂಡನ್ನು, ಬಿಳಿ ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರಿನ ತಟ್ಟೆಯಲ್ಲಿ ನಿಲ್ಲಿಸಿದೆ. ದಿನಕ್ಕೆ ಎರಡು ಬೆರಳು ಹತ್ತಿತು. ಗೋಡೆಯ ದಪ್ಪ ಹದಿನೆಂಟು ಬೆರಳು. ಶಿವಕ್ಕ ಒಗೆಯುವ ಜಾಗದಲ್ಲಿ ನೀಲಿ ಸುರಿದರೆ ಒಂಬತ್ತನೇ ದಿನ ನಮ್ಮ ಅಡುಗೆಮನೆಗೆ ಬರಲೇಬೇಕು. ಅನುಮತಿ ಕೇಳಲು ಹೋದೆ. "ಸುರೀರಿ ಸರ್, ಡಬ್ಬಿಗಟ್ಲೆ ಸುರೀರಿ. ನಂದಲ್ಲಂತ ಗೊತ್ತಾದ್ರ ಮಾತ್ರ ಓಣಿಗೆಲ್ಲ ಹೇಳ್ತೇನಿ," ಎಂದರು ಶಿವಕ್ಕ.

ಅಂದೇ ಸುರಿದೆ. ಒಂಬತ್ತನೇ ದಿನ ಸಾಲೆಯಿಂದ ಓಡಿಬಂದು ಚೀಲ ಸರಿಸಿದೆ. ನೀಲಿ! ಅಚ್ಚ ನೀಲಿ! "ಬಂತು! ಲೆಕ್ಕ ತಪ್ಪಲಿಲ್ಲ!" ಎಂದು ಕೂಗುತ್ತ ಹೋಗಿ ಶಿವಕ್ಕನನ್ನು ಕರೆತಂದೆ. ಅವರು ಬಗ್ಗಿ ಸೆರಗಿನ ತುದಿಯಿಂದ ಗೋಡೆಯ ನೀಲಿ ಒತ್ತಿ ನೋಡಿದರು. ಆಗ ಗೌರಿ ಮೆಲ್ಲಗೆ, "ಇವತ್ತು ಮುಂಜಾನಿ ನಿಮ್ಮ ಧೋತರಕ್ಕ ನೀಲಿ ಹಾಕಿ, ಉಳಿದ ನೀರು ನಮ್ಮ ಬಚ್ಚಲದಾಗ ಚೆಲ್ಲೇನ್ರಿ," ಎಂದಳು.

ಬಚ್ಚಲಿಗೆ ಓಡಿದೆ. ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು! ತಟ್ಟೆಯಲ್ಲಿಟ್ಟ ಕಲ್ಲಿನ ತುಂಡಿನಲ್ಲಿ ಇರದಿದ್ದದ್ದು, ಇಡೀ ಗೋಡೆಯಲ್ಲಿ ಇದ್ದದ್ದು. ಕೆರೂರಿಗೆ ನಡೆದು ಹೊರಟವನಿಗೆ ಬಸ್ಸು ಸಿಕ್ಕಂತೆ, ಕಾಳುಕಾಳು ದಾಟಬೇಕಿದ್ದ ನೀರು ಬಿರುಕು ಹಿಡಿದು ಒಂದೇ ದಿನದಲ್ಲಿ ಬಂದಿತ್ತು. ನಾಚಿಕೆಯಾಗಬೇಕಿತ್ತು, ನಿಜ ಹೇಳುತ್ತೇನೆ, ಮೊದಲು ಆದದ್ದು ಖುಷಿ. ಶಿವಕ್ಕ ನಕ್ಕು ನಕ್ಕು ಕುಸಿದು ಕೂತು, "ಹಂಗಾದ್ರ ನನ್ನ ನೀಲಿ ಎಲ್ಲಿ ಹೋತ್ರಿ ಸರ್?" ಎಂದರು. ಗೌರಿಯೂ ಅವರ ಪಕ್ಕದಲ್ಲೇ ಕೂತು ನಕ್ಕಳು. ಓಣಿಗೆಲ್ಲ ಸುದ್ದಿಯಾಯಿತು. ಮರುದಿನ ರೊಟ್ಟಿ ಬಂತು.

ಗೌಂಡಿ ಬಿರುಕು ಮುಚ್ಚಿದ, ಗೋಡೆ ಒಣಗಿತು. ಆದರೂ ನಾನು ದಿನಾ ಮುಂಜಾನೆ ಚೀಲ ಸರಿಸಿ ನೋಡುತ್ತೇನೆ. ಶಿವಕ್ಕನ ನೀಲಿ ಇನ್ನೂ ಆ ಕಲ್ಲಿನೊಳಗೆ ಎಲ್ಲೋ ನಡೆದು ಬರುತ್ತಿರಬೇಕು. ಅದು ಬಂದ ದಿನ ನಾನು ಕುಣಿಯುವವನೇ. ಆದರೆ ಕುಣಿಯುವ ಮೊದಲು, ರೊಟ್ಟಿ ಬರುವುದರೊಳಗೆ, ಒದ್ದೆ ಬಟ್ಟೆ ತಂದು ಅದನ್ನು ಒರೆಸಿಬಿಡುತ್ತೇನೆ.